ವಿಧಾನ ಪರಿಷತ್ತಿನಲ್ಲಿ ನಿಮ್ಮ ಮತ ಎಲ್ಲಿದೆ? ಮಂಗಳೂರು, ಉಡುಪಿಯವರಿಗೆ ಒಂದು ಮಾರ್ಗದರ್ಶಿ

ವಿಧಾನಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರೆಲ್ಲ ವಿಧಾನ ಪರಿಷತ್ತಿಗೂ ಮತ ಹಾಕಬಹುದು ಎಂಬ ತಿಳಿವಳಿಕೆ ನಮ್ಮ ಕರಾವಳಿಯ ಓದಿದವರಲ್ಲೂ ಇದೆ. ಅದು ಸರಿಯಲ್ಲ. ಮೇಲ್ಮನೆಗೆ ಸದಸ್ಯರು ಐದು ಬೇರೆ ಬೇರೆ ದಾರಿಗಳಿಂದ ಬರುತ್ತಾರೆ. ಅವುಗಳಲ್ಲಿ ಜನಸಾಮಾನ್ಯರಿಗೆ ನೇರವಾಗಿ ತೆರೆದಿರುವುದು ಎರಡು ಮಾತ್ರ, ಅವೂ ಅರ್ಜಿ ಕೊಟ್ಟವರಿಗಷ್ಟೇ.

ಕರ್ನಾಟಕ ವಿಧಾನ ಪರಿಷತ್ತಿನ ಒಟ್ಟು ಸ್ಥಾನಗಳು 75. ಇವುಗಳಲ್ಲಿ 25 ಸ್ಥಾನಗಳನ್ನು ಶಾಸಕರು, 25 ಸ್ಥಾನಗಳನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಸ್ಥಾನಗಳನ್ನು ಪದವೀಧರರು, 7 ಸ್ಥಾನಗಳನ್ನು ಶಿಕ್ಷಕರು ತುಂಬುತ್ತಾರೆ. ಉಳಿದ 11 ಮಂದಿಯನ್ನು ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರಿ ಚಳವಳಿ ಮತ್ತು ಸಮಾಜಸೇವೆಯ ಕ್ಷೇತ್ರಗಳಿಂದ ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ. ಸದಸ್ಯರಾಗಲು ಕನಿಷ್ಠ 30 ವರ್ಷ ತುಂಬಿರಬೇಕು, ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆಯೇ ಹೊರತು, ವಿಧಾನಸಭೆಯಂತೆ ಈ ಸದನ ಒಟ್ಟಿಗೆ ವಿಸರ್ಜನೆಯಾಗುವುದಿಲ್ಲ.

ಶಾಸಕರ ಮತದಿಂದ ತುಂಬುವ ಸ್ಥಾನಗಳಲ್ಲಿ ದಕ್ಷಿಣ ಕನ್ನಡದ 8 ಮತ್ತು ಉಡುಪಿಯ 5 ಶಾಸಕರು ಮತ ಹಾಕುತ್ತಾರೆ. ಅಲ್ಲಿ ನಮ್ಮ ಪಾತ್ರ ವಿಧಾನಸಭಾ ಚುನಾವಣೆಯ ದಿನವೇ ಮುಗಿದಿರುತ್ತದೆ. ಸ್ಥಳೀಯ ಸಂಸ್ಥೆಗಳ ದಕ್ಷಿಣ ಕನ್ನಡ ಕ್ಷೇತ್ರ ಎರಡೂ ಜಿಲ್ಲೆಗಳನ್ನು ಒಳಗೊಂಡ ದ್ವಿಸದಸ್ಯ ಕ್ಷೇತ್ರ. ಅದರ ಮತದಾರರಲ್ಲಿ ಹೆಚ್ಚಿನವರು ಗ್ರಾಮ ಪಂಚಾಯಿತಿ ಸದಸ್ಯರು. ಆದ್ದರಿಂದ ನಿಮ್ಮ ವಾರ್ಡಿನ ಪಂಚಾಯಿತಿ ಸದಸ್ಯರು ಯಾರೆಂಬುದು ಬೀದಿದೀಪಕ್ಕಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ಇದೇ ಕ್ಷೇತ್ರದಿಂದ ಹೋದ ಕುಂದಾಪುರ ಕಡೆಯ ಕೆ. ಪ್ರತಾಪಚಂದ್ರ ಶೆಟ್ಟಿಯವರು 2018ರ ಡಿಸೆಂಬರಿನಲ್ಲಿ ಪರಿಷತ್ತಿನ ಸಭಾಪತಿಯೂ ಆದರು. 2021ರಲ್ಲಿ ಇಲ್ಲಿಂದ ಗೆದ್ದಿದ್ದ ಕೋಟ ಶ್ರೀನಿವಾಸ ಪೂಜಾರಿಯವರು 2024ರಲ್ಲಿ ಲೋಕಸಭೆಗೆ ಆಯ್ಕೆಯಾದ್ದರಿಂದ, ಅವರ ಸ್ಥಾನಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆಯಿತು.

ಇನ್ನು ನಮಗೆ ನೇರವಾಗಿ ಸಂಬಂಧಿಸಿದ ಎರಡು ಕ್ಷೇತ್ರಗಳು: ನೈರುತ್ಯ ಪದವೀಧರ ಕ್ಷೇತ್ರ ಮತ್ತು ನೈರುತ್ಯ ಶಿಕ್ಷಕರ ಕ್ಷೇತ್ರ. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಜತೆಗೆ ದಾವಣಗೆರೆಯ ಒಂದು ಭಾಗವೂ ಇವುಗಳಲ್ಲಿ ಸೇರಿದೆ. ಘಟ್ಟದ ಮೇಲಿನವರನ್ನೂ ಕೆಳಗಿನವರನ್ನೂ ಒಬ್ಬರೇ ಸದಸ್ಯರು ಪ್ರತಿನಿಧಿಸಬೇಕಾದ ಈ ವಿಸ್ತಾರ ನನಗಂತೂ ಅತಿಯೆನಿಸುತ್ತದೆ.

ಪದವೀಧರರು ನಮೂನೆ 18ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿದಾರರು ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿದ್ದು, ಅರ್ಹತಾ ದಿನಾಂಕವಾದ ನವೆಂಬರ್ 1ಕ್ಕೆ ಪದವಿ ಪಡೆದು ಮೂರು ವರ್ಷ ಪೂರ್ಣಗೊಂಡಿರಬೇಕು. ಈ ಮೂರು ವರ್ಷವನ್ನು ಘಟಿಕೋತ್ಸವದ ದಿನದಿಂದಲ್ಲ, ಫಲಿತಾಂಶ ಪ್ರಕಟವಾದ ದಿನದಿಂದ ಎಣಿಸುತ್ತಾರೆ. ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿಯ ದೃಢೀಕರಿಸಿದ ಪ್ರತಿಯನ್ನು ಲಗತ್ತಿಸಬೇಕು. ಮೂಲಪ್ರತಿಯನ್ನೂ ಜತೆಗೆ ಒಯ್ದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ. ಒಬ್ಬರು ತಮ್ಮ ಮನೆಯವರ ಅರ್ಜಿಗಳನ್ನು ಒಟ್ಟಿಗೆ ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನು ಕಳುಹಿಸಬಹುದು. ಆದರೆ ಪಕ್ಷದ ಕಾರ್ಯಕರ್ತರು ಊರೆಲ್ಲ ಸುತ್ತಿ ಕಟ್ಟುಗಟ್ಟಲೆ ತಂದ ಅರ್ಜಿಗಳನ್ನು ಸ್ವೀಕರಿಸುವಂತಿಲ್ಲ. ಹಾಗಾಗಿ "ನಾವೇ ಕೊಡುತ್ತೇವೆ" ಎಂದವರ ಕೈಗೆ ಅರ್ಜಿಯಿತ್ತು ನಿಶ್ಚಿಂತರಾಗಬೇಡಿ.

ಶಿಕ್ಷಕರಿಗೆ ನಮೂನೆ 19. ಅರ್ಹತಾ ದಿನಾಂಕಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಹಂತದ ಸಂಸ್ಥೆಯಲ್ಲಿ ಬೋಧಿಸಿರಬೇಕು, ಅದಕ್ಕೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಈ ಕ್ಷೇತ್ರದಲ್ಲಿ ಮತವಿಲ್ಲ. ಪದವಿ ಪಡೆದಿದ್ದರೆ ಅವರು ಪದವೀಧರ ಕ್ಷೇತ್ರದಲ್ಲಿ ಸೇರಬಹುದು. ಎರಡೂ ಅರ್ಹತೆಯುಳ್ಳ ಕಾಲೇಜು ಉಪನ್ಯಾಸಕರು ಎರಡೂ ಪಟ್ಟಿಗಳಲ್ಲಿ ಇರಬಹುದು.

ಹೆಚ್ಚಿನವರು ಎಡವುವುದು ಇನ್ನೊಂದು ವಿಷಯದಲ್ಲಿ. ಈ ಎರಡು ಕ್ಷೇತ್ರಗಳಿಗೆ ಆರು ವರ್ಷಕ್ಕೊಮ್ಮೆ ನಡೆಯುವ ಪ್ರತಿ ಚುನಾವಣೆಗೂ ಮತದಾರರ ಪಟ್ಟಿಯನ್ನು ಹೊಸದಾಗಿ ತಯಾರಿಸುತ್ತಾರೆ. 2024ರ ಜೂನ್ 3ರಂದು ಮತ ಹಾಕಿದವರೂ ಮುಂದಿನ ಸಲ ಮತ್ತೆ ಅರ್ಜಿ ಕೊಡಬೇಕು. ಆಗ ಆಯ್ಕೆಯಾದವರ ಅವಧಿ 2030ರವರೆಗೆ ಇರುವುದರಿಂದ ಮುಂದಿನ ಅರ್ಹತಾ ದಿನಾಂಕ 2029ರ ನವೆಂಬರ್ 1 ಆಗುತ್ತದೆ. ಅಂದರೆ 2026ರ ಅಕ್ಟೋಬರಿನೊಳಗೆ ಪದವಿ ಫಲಿತಾಂಶ ಪಡೆದವರು ಅರ್ಹರು. 2029ರ ಅಕ್ಟೋಬರಿನಲ್ಲಿ ಸಾರ್ವಜನಿಕ ಪ್ರಕಟಣೆ ಬಂದ ಕೂಡಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಮತ ಹಾಕುವ ಕ್ರಮವೂ ಬೇರೆ. ಇಲ್ಲಿ ಮತಯಂತ್ರವಿಲ್ಲ, ಮತಪತ್ರದಲ್ಲಿ ಪಕ್ಷದ ಚಿಹ್ನೆಯೂ ಇರುವುದಿಲ್ಲ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ, ಮೊದಲ ಆಯ್ಕೆಯ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಬರೆಯಬೇಕು. ಅನಂತರ 2, 3 ಎಂದು ಮುಂದುವರಿಸುವುದು ನಿಮ್ಮ ಇಚ್ಛೆ. ಕನ್ನಡ ಅಂಕಿ ನಡೆಯುತ್ತದೆ, "ಒಂದು" ಎಂದು ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಸರಿ ಗುರುತು ಹಾಕಿದರೆ, ಸಹಿ ಮಾಡಿದರೆ, ಇಬ್ಬರ ಮುಂದೆ 1 ಬರೆದರೆ, ಸ್ವಂತ ಪೆನ್ನು ಬಳಸಿದರೆ ಮತ ತಿರಸ್ಕೃತವಾಗುತ್ತದೆ. ಒಂದೇ ಸ್ಥಾನವಿದ್ದಾಗ ಸಿಂಧುವಾದ ಮತಗಳ ಅರ್ಧಕ್ಕಿಂತ ಹೆಚ್ಚು ಪಡೆದವರು ಗೆಲ್ಲುತ್ತಾರೆ. ಯಾರೂ ಅಷ್ಟು ಪಡೆಯದಿದ್ದರೆ ಕೊನೆಯ ಸ್ಥಾನದವರನ್ನು ಕೈಬಿಟ್ಟು, ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯವನ್ನು ಇತರರಿಗೆ ಹಂಚುತ್ತಾರೆ; 1 ಮಾತ್ರ ಬರೆದ ಮತಪತ್ರ ಅಲ್ಲಿಗೆ ಎಣಿಕೆಯಿಂದ ಹೊರಗುಳಿಯುತ್ತದೆ.

ಆಯ್ಕೆಯಾದ ಸದಸ್ಯರಿಂದ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೂ ಮಿತಿಯಿದೆ. ಹಣಕಾಸು ವಿಧೇಯಕವನ್ನು ಪರಿಷತ್ತು 14 ದಿನಗಳೊಳಗೆ ಹಿಂದಿರುಗಿಸಬೇಕು. ಸಾಮಾನ್ಯ ವಿಧೇಯಕವನ್ನು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದಾಗ ಒಂದು ತಿಂಗಳು ತಡೆಯಬಹುದೇ ಹೊರತು ಶಾಶ್ವತವಾಗಿ ತಡೆಯಲಾಗದು. ಆದ್ದರಿಂದ ನಿಮ್ಮ ಸದಸ್ಯರಿಗೆ ಬರೆಯುವಾಗ "ಕಾಯಿದೆ ರದ್ದು ಮಾಡಿಸಿ" ಎನ್ನುವುದಕ್ಕಿಂತ, ಅನುದಾನಿತ ಶಾಲೆಯ ಖಾಲಿ ಹುದ್ದೆಯಂತಹ ಒಂದು ವಿಷಯವನ್ನು ಶಾಲೆಯ ಹೆಸರು, ಹುದ್ದೆ, ಖಾಲಿಯಾದ ದಿನಾಂಕ, ಇಲಾಖೆಗೆ ಈಗಾಗಲೇ ಬರೆದ ಪತ್ರದ ಪ್ರತಿಯೊಂದಿಗೆ ಕಳುಹಿಸಿ, ಅಧಿವೇಶನಕ್ಕೆ ಸಾಕಷ್ಟು ಮೊದಲೇ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳುವಂತೆ ಕೋರಬೇಕು. ಅಂತಹ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸಬೇಕಾಗುತ್ತದೆ. ಅವರು ಆಗ ಕೊಟ್ಟ ಮಾತು ಈಡೇರಿತೇ ಎಂಬುದನ್ನು ಪರಿಷತ್ತಿನ ಭರವಸೆಗಳ ಸಮಿತಿ ಪರಿಶೀಲಿಸುತ್ತದೆ.