ರೂಪ ಬದಲಿಸುವ ಪಾತ್ರಗಳ ಬಗ್ಗೆ ಥಿಯರಿ ಕಟ್ಟುವುದು ಹೇಗೆ?

‘ಗೇಮ್ ಆಫ್ ಥ್ರೋನ್ಸ್’ ಟಿವಿ ಸರಣಿಯ ಮಾಯೆಯ ಬಗ್ಗೆ ಥಿಯರಿ, ಅಂದರೆ ಅಭಿಮಾನಿಯ ಊಹೆ, ಕಟ್ಟುವುದೆಂದರೆ ನನಗೆ ಪ್ರಾಣ. ಮೊದಲು, ಆ ಮಾಯೆಗೆ ಸರಣಿಯೇ ತೋರಿಸಿದ ನಿಯಮ ಹುಡುಕಿ.

ಮಾಟ ಬಲ್ಲ ಪೂಜಾರಿಣಿ ಮೆಲಿಸಾಂಡ್ರೆಯನ್ನೇ ತಗೊಳ್ಳಿ. 2016ರಲ್ಲಿ ಬಂದ 6ನೇ ಸೀಸನ್‌ನ ಮೊದಲ ಕಂತು. ಕನ್ನಡಿ ಮುಂದೆ ನಿಂತು ಕೆಂಪು ಕಲ್ಲಿನ ಹಾರ ತೆಗೆಯುತ್ತಾಳೆ. ಬೆನ್ನು ಬಾಗಿದ, ಕೂದಲು ಉದುರಿದ ಮುದುಕಿ ಕಾಣಿಸುತ್ತಾಳೆ. ಯೌವನ ಹಾರದಲ್ಲೇ ಇದೆ, ಅಲ್ವಾ? ಅಲ್ಲಿಗೇ ನಿಲ್ಲಬೇಡಿ. 4ನೇ ಸೀಸನ್‌ನ 7ನೇ ಕಂತು ಹಾಕಿ. ಸ್ನಾನದ ತೊಟ್ಟಿಯಲ್ಲಿದ್ದಾಳೆ, ಕೊರಳು ಖಾಲಿ, ಆದರೂ ಹರೆಯದ ಹೆಣ್ಣೇ!

ಇಂಥ ಜಾಗ ಸಿಕ್ಕರೆ ಸುಮ್ನೆ ‘ಡೈರೆಕ್ಟರ್ ಮರೆತಿದ್ದಾರೆ’ ಅನ್ನಬೇಡಿ. ಮಾತು ಕೇಳಿ. ಅದೇ ದೃಶ್ಯದಲ್ಲಿ ಅವಳು ರಾಣಿ ಸೆಲೀಸ್‌ಗೆ ಪುಡಿ, ಮದ್ದಿನ ಬಾಟಲಿಗಳ ಕಣ್ಕಟ್ಟನ್ನು ವಿವರಿಸುತ್ತಾಳೆ. ಹಾರದ ಕೆಲಸವನ್ನು ಆ ನೀರಿನಲ್ಲಿದ್ದ ಮದ್ದು ಮಾಡುತ್ತಿತ್ತು ಅಂತಲೇ ನನ್ನ ಊಹೆ.

ನಿಮ್ಮ ಥಿಯರಿ ಯಾವ ದೃಶ್ಯ ಬಂದರೆ ಬೀಳುತ್ತದೆ ಅಂತ ಮೊದಲೇ ಬರೆದಿಡಿ. 6ನೇ ಸೀಸನ್‌ನಲ್ಲಿ ಬ್ರಾವೋಸ್ ನಗರದ ಸೇತುವೆ ಮೇಲೆ, ಸತ್ತವರ ಮುಖ ಹಾಕಿಕೊಂಡು ರೂಪ ಬದಲಿಸುವ ಹಂತಕರ ಬಳಿ ಕಲಿತಿದ್ದ ಹುಡುಗಿ ಆರ್ಯಾಗೆ ಇರಿತವಾದಾಗ, ‘ಅವಳು ಆರ್ಯಾ ಅಲ್ಲ, ಆ ಮುಖ ಹಾಕಿದ ಬೇರೆಯವರು’ ಅಂತ ಎಷ್ಟೋ ಅಭಿಮಾನಿಗಳು ನಂಬಿದ್ದರು. ಆಧಾರವೂ ಇತ್ತು. 5ನೇ ಸೀಸನ್ ಕೊನೆಯಲ್ಲಿ ಶವದ ಮುಖಗಳನ್ನು ಒಂದೊಂದಾಗಿ ಕಿತ್ತಾಗ ಆರ್ಯಾಗೆ ತನ್ನದೇ ಮುಖ ಸಿಕ್ಕಿತ್ತು. ಆದರೆ ಇರಿತದ ಮುಂದಿನ ಕಂತಿನಲ್ಲಿ ಗಾಯ ನಿಜವಾಗಿ ಆರ್ಯಾಳದ್ದೇ ಆಗಿತ್ತು.

ಥಿಯರಿ ಬಿದ್ದರೂ ಸುಳಿವುಗಳ ಪಟ್ಟಿ ಹರಿಯಬೇಡಿ. ಮುಂದಿನ ಊಹೆಗೆ ಬೇಕಾಗುತ್ತದೆ.