ಖಾಲಿ ಕಟ್ಟೆಯ ಅಡುಗೆಮನೆ: ಬಣ್ಣಕ್ಕಿಂತ ಮೊದಲು ಪಾತ್ರೆಯ ಅಳತೆ

ಮಿನಿಮಲಿಸ್ಟ್ ಅಡುಗೆಮನೆ ಬೇಕೆನ್ನುವವರು ಮೊದಲು ಬಿಳಿ ಲ್ಯಾಮಿನೇಟ್ ಆರಿಸುತ್ತಾರೆ, ಆಮೇಲೆ ಗೋಡೆಯ ಕಪಾಟುಗಳನ್ನು ಕಿತ್ತುಹಾಕುತ್ತಾರೆ. ಕೆಲವೇ ತಿಂಗಳಲ್ಲಿ ಮಿಕ್ಸರ್, ಕುಕ್ಕರ್, ಡಬ್ಬಿಗಳೆಲ್ಲ ಕಟ್ಟೆ ಏರಿ ಕೂತಿರುತ್ತವೆ. ಕಟ್ಟೆ ಖಾಲಿ ಉಳಿಯಬೇಕಾದರೆ ಅದರ ಕೆಳಗೆ ಪ್ರತಿ ಪಾತ್ರೆಗೂ ಅಳೆದು ಇಟ್ಟ ಜಾಗ ಇರಬೇಕು. ಮೊದಲು ಅಳತೆ ಟೇಪು ಹಿಡಿಯಿರಿ. ಬಣ್ಣದ ಕ್ಯಾಟಲಾಗ್ ಆಮೇಲೆ ನೋಡಿದರಾಯಿತು.

1. ವಿಂಗಡಣೆ

ಸಾಮಾನೆಲ್ಲ ಹೊರಗೆ ತೆಗೆದು ದಿನವೂ ಬೇಕಾದ್ದು, ವಾರಕ್ಕೊಮ್ಮೆ ಬೇಕಾದ್ದು, ವರ್ಷಕ್ಕೆ ಒಂದೆರಡು ಸಲ ಬೇಕಾದ್ದು ಎಂದು ಮೂರು ಗುಂಪು ಮಾಡಿ. ಮೂರನೆಯದಕ್ಕೆ ಅಡುಗೆಮನೆಯಲ್ಲಿ ಜಾಗವಿಲ್ಲ. ಮುಚ್ಚಳ ಕಳೆದುಕೊಂಡ ಡಬ್ಬಿಗಳಿಗೆ ಮನೆಯಲ್ಲೇ ಇಲ್ಲ.

2. ಕಟ್ಟೆ ಮತ್ತು ಓಡಾಟ

ಹೆಚ್ಚು ಅಡುಗೆ ಮಾಡುವವರು ಮೊಣಕೈ ಮಡಚಿ ನಿಲ್ಲಲಿ. ನೆಲದಿಂದ ಮೊಣಕೈವರೆಗಿನ ಎತ್ತರದಲ್ಲಿ 10ರಿಂದ 15 ಸೆಂ.ಮೀ. ಕಳೆದರೆ ಕಟ್ಟೆಯ ಎತ್ತರ ಸಿಕ್ಕಿತು. ಬಹಳಷ್ಟು ಜನರಿಗೆ ಅದು 85ರಿಂದ 90 ಸೆಂ.ಮೀ. ಆಗುತ್ತದೆ. ಕಟ್ಟೆಯ ಆಳ 60 ಸೆಂ.ಮೀ., ಎದುರುಬದುರು ಕಟ್ಟೆಗಳಿದ್ದರೆ ನಡುವೆ 100ರಿಂದ 120. ಸಿಂಕಿಗೂ ಒಲೆಗೂ ನಡುವೆ 90 ಸೆಂ.ಮೀ. ಬಿಡಿ, 60ಕ್ಕಿಂತ ಕಡಿಮೆಯಂತೂ ಬೇಡ: ಹೆಚ್ಚುವುದು, ಕಲಸುವುದು ಎಲ್ಲ ನಡೆಯುವುದು ಅಲ್ಲೇ. ಫ್ರಿಜ್ಜನ್ನು ಪಕ್ಕದ ಗೋಡೆಗೆ ಒತ್ತಿ ಇಟ್ಟರೆ ಬಾಗಿಲು ಪೂರ್ತಿ ತೆರೆಯದೆ ಒಳಗಿನ ಟ್ರೇ ಹೊರಗೆ ಬರುವುದಿಲ್ಲ.

3. ಡ್ರಾಯರ್ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ. ಕಟ್ಟೆಯ ಕೆಳಗೆ ಬಾಗಿಲು-ಹಲಗೆಯ ಕಪಾಟು ಬೇಡವೇ ಬೇಡ. ಹಿಂದಿನ ಪಾತ್ರೆ ತೆಗೆಯಲು ಮಂಡಿಯೂರಿ ಮುಂದಿನದೆಲ್ಲ ಕೆಳಗಿಳಿಸಬೇಕು. ಆ ಬೇಸರಕ್ಕೇ ಪಾತ್ರೆಗಳು ಕಟ್ಟೆಯ ಮೇಲೆ ಉಳಿಯುವುದು. ಎಲ್ಲವೂ ಡ್ರಾಯರ್ ಆಗಲಿ.

ಆದರೆ 60 ಸೆಂ.ಮೀ. ಕಪಾಟೆಂದರೆ 60 ಸೆಂ.ಮೀ. ಜಾಗ ಅಲ್ಲ. ಎರಡೂ ಬದಿಯ 18 ಮಿ.ಮೀ. ಪ್ಲೈವುಡ್ ಕಳೆದರೆ ಉಳಿಯುವುದು 56.4. ಡ್ರಾಯರ್ ಜಾರುವ ಲೋಹದ ಹಳಿ, ಅಂದರೆ ಬಾಲ್ ಬೇರಿಂಗ್ ಚಾನೆಲ್, ಒಂದೊಂದು ಬದಿಗೂ 13 ಮಿ.ಮೀ. ನುಂಗುತ್ತದೆ: 53.8. ಡ್ರಾಯರ್ ಪೆಟ್ಟಿಗೆಯ ಬದಿಗಳು ತಲಾ 12 ಮಿ.ಮೀ. ಆದರೆ ಒಳಗೆ ಸಿಗುವುದು 51.4 ಸೆಂ.ಮೀ. ಮಾತ್ರ. 26 ಸೆಂ.ಮೀ. ತಟ್ಟೆಗಳ ಎರಡು ಸಾಲು ಪಕ್ಕಪಕ್ಕ ಕೂರುತ್ತವೆ ಎಂದು ಎಣಿಸಿದ್ದರೆ ಅರ್ಧ ಸೆಂಟಿಮೀಟರಿಗೆ ಕೆಡುತ್ತದೆ. ಬಡಗಿಗೆ ಕಪಾಟಿನ ಅಗಲ ಹೇಳಬೇಡಿ. ಡ್ರಾಯರಿನ ಒಳಗಿನ ಅಗಲ ಬರೆದುಕೊಡಿ.

ಎತ್ತರದ ಲೆಕ್ಕವೂ ಹೀಗೆಯೇ. 90 ಸೆಂ.ಮೀ. ಕಟ್ಟೆಯಲ್ಲಿ ಕಲ್ಲು ಮತ್ತು ಅದರಡಿಯ ಹಲಗೆಗೆ 4, ಪಾದ ತೂರಲು ಒಳಕ್ಕೆ ಸರಿಸಿದ ತಳಪಟ್ಟಿಗೆ 10 ಹೋದರೆ ಉಳಿದದ್ದು 76. ಅದನ್ನು 16, 28, 32 ಎಂದು ಹಂಚಿ: ಮೇಲೆ ಚಮಚ-ಚಾಕು, ನಡುವೆ ತಟ್ಟೆ-ಬಟ್ಟಲು, ಕೆಳಗೆ ಪಾತ್ರೆ. ಮುಂದಿನ ಹಲಗೆಯ ಎತ್ತರಕ್ಕಿಂತ ಒಳಗಿನ ಬಳಕೆಯ ಎತ್ತರ 5-6 ಸೆಂ.ಮೀ. ಕಡಿಮೆ. ಆದ್ದರಿಂದ ಅತಿ ಎತ್ತರದ ಪಾತ್ರೆಯನ್ನು ಮುಚ್ಚಳ ಹಾಕಿ, ಹಿಡಿ ಸೇರಿಸಿ ಅಳೆಯಿರಿ. 26 ಸೆಂ.ಮೀ.ಗಿಂತ ಎತ್ತರವಿದ್ದರೆ ಒಂದು ಕಪಾಟನ್ನು ಎರಡೇ ಡ್ರಾಯರಿಗೆ ಒಡೆಯಿರಿ.

ಚಾನೆಲ್ ಪೂರ್ತಿ ಹೊರಗೆ ಬರುವಂಥದ್ದೇ ಇರಲಿ. ಮುಕ್ಕಾಲು ಬರುವ ಅಗ್ಗದ ಚಾನೆಲ್ ಹಾಕಿದರೆ ಡ್ರಾಯರಿನ ಹಿಂಭಾಗ ಮತ್ತೆ ಹಳೇ ಕಪಾಟೇ. ಪಾತ್ರೆಯ ಡ್ರಾಯರಿಗೆ ಕನಿಷ್ಠ 40 ಕೆ.ಜಿ. ಹೊರುವ ಚಾನೆಲ್ ಬೇಕು. 90 ಸೆಂ.ಮೀ.ಗಿಂತ ಅಗಲ ಮಾಡಿದರೆ ಒಂದು ಬದಿಯಿಂದ ಎಳೆದಾಗ ಪೆಟ್ಟಿಗೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಅಗಲದ ಡ್ರಾಯರಿಗೆ 6 ಮಿ.ಮೀ. ತಳ ಜೋತುಬೀಳುತ್ತದೆ, 12 ಮಿ.ಮೀ. ಹಾಕಿಸಿ.

ಎಲ್ ಆಕಾರದ ಕಟ್ಟೆಯಾದರೆ ಮೂಲೆಯಲ್ಲಿ ಎರಡೂ ಕಡೆ ಕನಿಷ್ಠ 5 ಸೆಂ.ಮೀ. ಫಿಲ್ಲರ್ ಪಟ್ಟಿ (ಸಂದು ತುಂಬುವ ಹಲಗೆ) ಬೇಕು, ಇಲ್ಲವಾದರೆ ಒಂದು ಡ್ರಾಯರಿನ ಹಿಡಿ ಇನ್ನೊಂದರ ದಾರಿ ಕಟ್ಟುತ್ತದೆ. ಮೂಲೆಗೆಂದೇ ಮಾರುವ ತಿರುಗುವ ತಟ್ಟೆಗಳ ಗೋಜಿಗೆ ಹೋಗಬೇಡಿ. ದುಡ್ಡೂ ಹೆಚ್ಚು, ಹಿಂದೆ ಬಿದ್ದ ಮುಚ್ಚಳ ಸಿಗುವುದೂ ಇಲ್ಲ. ಮೂಲೆಯನ್ನು ಮುಚ್ಚಿಬಿಡಿ.

ಲೆಕ್ಕ ಸರಿಯೇ ಎಂದು ನೋಡಲು ಹಲಗೆ ಕತ್ತರಿಸುವ ಮುಂಚೆ ರಟ್ಟಿನಲ್ಲಿ ಒಂದೊಂದು ಡ್ರಾಯರಿನ ಒಳಅಳತೆ ಕತ್ತರಿಸಿ, ನೆಲದ ಮೇಲಿಟ್ಟು ಪಾತ್ರೆಗಳನ್ನು ಜೋಡಿಸಿ. ರಟ್ಟಿನಾಚೆ ಉಳಿದದ್ದೇ ನಾಳೆ ಕಟ್ಟೆ ಏರುವ ಸಾಮಾನು.

4. ಹಿಡಿ ಮತ್ತು ಮೇಲಿನ ಕಪಾಟು

ಹಿಡಿಯಿಲ್ಲದ ಬಾಗಿಲು ಚೆನ್ನ. ಆದರೆ ಒತ್ತಿದರೆ ತೆರೆಯುವ ಬಗೆಯಲ್ಲಿ ಸೊಂಟ ತಾಗಿದರೂ ಡ್ರಾಯರ್ ತೆರೆದುಕೊಳ್ಳುತ್ತದೆ, ಅದರ ಮುಂದಿನ ಹಲಗೆಯ ತುಂಬ ಬೆರಳ ಗುರುತು. ಬೆರಳು ತೂರಲು ಅಡ್ಡಲಾಗಿ ಅಲ್ಯೂಮಿನಿಯಂ ಪ್ರೊಫೈಲ್ (ತೋಡಿರುವ ಉದ್ದ ಪಟ್ಟಿ) ಹಾಕಿಸಿ. ಅದಕ್ಕೆ ಬೇಕಾದ ಎತ್ತರವನ್ನು ಡ್ರಾಯರುಗಳಿಗೆ ಉಳಿದ ಆ 76 ಸೆಂ.ಮೀ.ನಲ್ಲಿ ಮೊದಲೇ ಕಳೆಯಿರಿ.

ಗೋಡೆಯ ಕಪಾಟು ಬೇಕಿದ್ದರೆ ಸೂರಿನವರೆಗೂ ಹೋಗಲಿ, ಬೇಡವಾದರೆ ಪೂರ್ತಿ ಬೇಡ. ನಡುವೆ ಗೇಣು ಬಿಟ್ಟರೆ ಅಲ್ಲಿ ಜಿಡ್ಡು-ದೂಳು ಸೇರಿ ಅಂಟಾಗುತ್ತದೆ. ಒಲೆಯ ಪಕ್ಕದ ತೆರೆದ ಹಲಗೆಯ ಗತಿಯೂ ಅದೇ, ಫೋಟೊದಲ್ಲಿ ಎಷ್ಟೇ ಚಂದ ಕಂಡರೂ.

5. ಸಾಮಗ್ರಿ

ಎರಡು ಬಣ್ಣ, ಒಂದು ಕಲ್ಲು, ಅಷ್ಟೇ. ಮ್ಯಾಟ್ ಆರಿಸಿ, ಹೊಳಪಿನದು ಪ್ರತಿ ಗೀರನ್ನೂ ತೋರಿಸುತ್ತದೆ. ಸಿಂಕಿನಡಿ ಮರದ ನಾರು, ಚೂರು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಬಳಸಬೇಡಿ: ಅಂಚಿನಿಂದ ನೀರು ಹೀರಿ ಉಬ್ಬಿದ ಹಲಗೆ ಮತ್ತೆ ಇಳಿಯುವುದಿಲ್ಲ. ಕುದಿನೀರಿಗೂ ತಾಳುವ ಪ್ಲೈವುಡ್ ತನ್ನಿ, ಕಣ್ಣಿಗೆ ಬೀಳದ ಹಿಂದಿನ ಅಂಚಿಗೂ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಾಕಿಸಿ. ಕಟ್ಟೆಗೆ ಗ್ರಾನೈಟ್. ಅಮೃತಶಿಲೆಗೆ ನಿಂಬೆರಸ ಬಿದ್ದರೆ ಕಲೆಯಾಗುತ್ತದೆ. ಕಾರ್ಖಾನೆಯಲ್ಲಿ ಮಾಡಿದ ಕ್ವಾರ್ಟ್ಜ್ ಕಲ್ಲನ್ನು ಬೆಸೆದ ರಾಳ ಕಾದ ಬಾಣಲೆಗೆ ಕೆಡುತ್ತದೆ.

6. ಪ್ಲಗ್ ಮತ್ತು ಬೆಳಕು

ಟೈಲ್ಸ್ ಅಂಟಿಸುವ ಮುಂಚೆ ಪ್ಲಗ್ ಜಾಗ ತೀರ್ಮಾನವಾಗಬೇಕು. ಮಿಕ್ಸರ್, ಕೆಟಲ್‌ಗಳಿಗೆ ಕಪಾಟಿನ ಬಾಗಿಲ ಹಿಂದೆಯೇ ಒಂದು ಗೂಡು ಮಾಡಿ, ಅದರೊಳಗೇ ಪ್ಲಗ್ ಕೊಡಿಸಿ. ಬಳಸುವಾಗ ಬಾಗಿಲು ತೆರೆದಿರಲಿ, ಕೆಟಲ್ಲನ್ನು ಮಾತ್ರ ಹೊರಗೆಳೆದೇ ಕಾಯಿಸಿ; ಹಬೆಗೆ ಗೂಡಿನ ಮೇಲ್ಹಲಗೆ ಬಿಚ್ಚಿಕೊಳ್ಳುತ್ತದೆ. ಎಲ್‌ಇಡಿ ಪಟ್ಟಿಯನ್ನು ಮೇಲಿನ ಕಪಾಟಿನಡಿ ಮುಂದಿನ ಅಂಚಿಗೆ ಹಾಕಿಸಿ. ಗೋಡೆಗೆ ಒತ್ತಿಸಿದರೆ ಬೆಳಕೆಲ್ಲ ಟೈಲ್ಸಿಗೆ ಬಿದ್ದು, ಹೆಚ್ಚುವ ಮಣೆ ಮಬ್ಬಿನಲ್ಲಿ ಉಳಿಯುತ್ತದೆ.