ಮೆಡಿಕಲ್‌ನಲ್ಲಿ ಆ ಮಾತ್ರೆ ಕೇಳುವುದು ಹೇಗೆ?

ಮಂಗಳೂರು ಹಂಪನಕಟ್ಟೆಯ ನಮ್ಮ ಮೆಡಿಕಲ್‌ಗೆ ಬರುವ ಕಾಲೇಜು ಮಕ್ಕಳು ಮೊದಲು ಕೆಮ್ಮಿನ ಚಪ್ಪರಿಸುವ ಗುಳಿಗೆ ಕೇಳಿ, ಉಳಿದವರು ಹೋಗುವವರೆಗೆ ಶ್ಯಾಂಪೂ ನೋಡುತ್ತಾ ನಿಲ್ಲುತ್ತಾರೆ. ಕಾಯಬೇಡಿ ಮಾರಾಯ್ರೆ! ಗರ್ಭ ತಡೆಯುವ ತುರ್ತು ಮಾತ್ರೆಗೆ, ಅಂದರೆ 1.5 ಮಿ.ಗ್ರಾಂ. ಲೆವೊನೋರ್ಜೆಸ್ಟ್ರೆಲ್‌ಗೆ, ಡಾಕ್ಟರ ಚೀಟಿ ಬೇಡ. ಸುರಕ್ಷೆಯಿಲ್ಲದೆ ಕೂಡಿದ 72 ಗಂಟೆಯೊಳಗೆ ನುಂಗಬೇಕು, ಬೇಗ ಆದಷ್ಟೂ ಒಳ್ಳೆಯದು. ನುಂಗಿದ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಫಿಟ್ಸ್, ಟಿಬಿ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ. ಮುಟ್ಟು ವಾರ ತಡವಾದರೆ ಗರ್ಭ ಪರೀಕ್ಷೆಯ ಕಿಟ್ ತಂದು ನೋಡಿ.

ಮೊನ್ನೆ ಒಬ್ಬಳು ಇದೇ ತುರ್ತು ಮಾತ್ರೆಗೆ ತಿಂಗಳಲ್ಲಿ ಮೂರನೇ ಸಲ ಬಂದಳು. ಅಮೆರಿಕದ ಹಲವು ರಾಜ್ಯಗಳಲ್ಲಿ ನನ್ನಂಥ ಫಾರ್ಮಸಿಸ್ಟೇ ನಿತ್ಯದ ಗರ್ಭನಿರೋಧಕ ಮಾತ್ರೆ ಬರೆದುಕೊಡಬಹುದು. ಇಲ್ಲಿ ನನಗೆ ಆ ಅಧಿಕಾರವಿಲ್ಲ. ‘ಇದು ದಿನದ ಊಟವಲ್ಲ ಮಗಾ, ಇಲ್ಲೇ ಲೇಡಿಗೋಷನ್ ಸರಕಾರಿ ಆಸ್ಪತ್ರೆಗೆ ಹೋಗಿ ಬಾ’ ಎಂದೆ. ಸರಕಾರದ ‘ಛಾಯಾ’ ಗರ್ಭನಿರೋಧಕ ಮಾತ್ರೆ ಉಚಿತ: ಮೊದಲ 3 ತಿಂಗಳು ವಾರಕ್ಕೆ 2, ಆಮೇಲೆ 1.